ಇಬ್ಬರಿಗೆ ಮಾತ್ರ

ಮಾರ್ಚ್ 2

ಮನೆ ಸಿಕ್ಕಿತು! ಈ ಡೈರಿ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು. ಬರೆಯುವಂಥದ್ದು ಏನಾದರೂ ಆದಾಗ ಬರೆದರಾಯಿತು ಅಂತ ಖಾಲಿ ಬಿಟ್ಟಿದ್ದೆ. ಇವತ್ತು ಆಯಿತು.

ಒಂದು ಬೆಡ್‌ರೂಮು, ಒಂದು ಹಾಲು, ನಿಂತಲ್ಲಿಂದಲೇ ಎಲ್ಲ ಕೈಗೆ ಸಿಗುವಷ್ಟು ದೊಡ್ಡ ಅಡುಗೆಮನೆ, ಅದರ ಹಿಂದೆ ವಾಷಿಂಗ್ ಮಷೀನಿಗೆಂದು ಬಿಟ್ಟ ಓಣಿಯಂಥ ಜಾಗ. ಅಷ್ಟೇ. ಆದರೆ ಬೀದಿ ನೋಡಬೇಕು! ಎರಡೂ ಕಡೆ ಮರ, ಫುಟ್‌ಪಾತಿನ ಮೇಲೆ ಒಂದು ಕಾಗದದ ಚೂರಿಲ್ಲ, ನಾಯಿಗಳೂ ಕೋಟು ಹಾಕಿಕೊಂಡು ವಾಕಿಂಗ್ ಹೋಗುತ್ತವೆ. ಬೀದಿಯ ತುದಿಗೆ ಆ ಶಾಲೆ. ಈ ಬಡಾವಣೆಯಲ್ಲಿ ಮನೆ ಇರುವವರ ಮಕ್ಕಳಿಗೆ ಮಾತ್ರ ಸೀಟು ಕೊಡುವ ಶಾಲೆ. ನನ್ನ ಗುಬ್ಬಿಗೆ ಆ ಸೀಟು ಸಿಗಬೇಕು. ಇಲ್ಲದಿದ್ದರೆ ಹಾಸಿಗೆ ಅಂಗಡಿಯಲ್ಲಿ ಹಾಸಿಗೆ ಮಾರುವ ನನಗೆ ಈ ಬೀದಿಯಲ್ಲಿ ಏನು ಕೆಲಸ?

ಕಟ್ಟಡದ ಸಂಘದ ಕಾರ್ಯದರ್ಶಿ ನನ್ನನ್ನು ಎದುರು ಕೂರಿಸಿಕೊಂಡು ವಿಚಾರಿಸಿದರು. ಅಂಗಿಯ ಮೇಲೆ ಒಂದು ಸುಕ್ಕಿಲ್ಲ, ಮಾತಿನಲ್ಲೂ ಇಲ್ಲ. ಮನಸ್ಸಿನಲ್ಲೇ ಇಸ್ತ್ರಿಪೆಟ್ಟಿಗೆ ಅಂತ ಹೆಸರಿಟ್ಟೆ.

"ಎಷ್ಟು ಜನ ಇರ್ತೀರಿ ಮೇಡಂ?"

"ನಾನು, ನನ್ನ ಮಗಳು."

"ಅವಳ ತಂದೆ?"

"ಅವರು ಬೇರೆ ಸಂಸಾರ ಮಾಡ್ಕೊಂಡಿದ್ದಾರೆ."

"ಒಳ್ಳೇದು," ಅಂದರು. ಯಾರಿಗೆ ಒಳ್ಳೆಯದೋ! "ಒಂದು ಬೆಡ್‌ರೂಮಿನ ಮನೆ ಅಂದ್ರೆ ಇಬ್ಬರಿಗೆ ಮಾತ್ರ. ಅದರಲ್ಲಿ ನಾವು ಬಹಳ ಸ್ಟ್ರಿಕ್ಟು. ಹೋದ ವರ್ಷ ಮೂರನೇ ಮಹಡಿಯವರು ಸದ್ದಿಲ್ದೆ ಭಾವಮೈದನನ್ನ ಇಟ್ಕೊಂಡಿದ್ರು. ಈಗ ಭಾವಮೈದನೂ ಇಲ್ಲ, ಅವರೂ ಇಲ್ಲ."

ಆ ಹೊತ್ತಿಗೆ ಅಮ್ಮ ಕೆಳಗೆ ಟ್ಯಾಕ್ಸಿಯಲ್ಲಿ ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಯುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಇಷ್ಟು ದಿನ ನಾವು ಮೂವರೂ ಇದ್ದದ್ದು ಅಮ್ಮನ ಮನೆಯಲ್ಲೇ. ಅವಳು ಟಾಕೀಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ಟಾಕೀಸಿನ ಹಿಂದಿನ ಸಿಬ್ಬಂದಿ ಮನೆಗಳಲ್ಲಿ ಒಂದು ನಮ್ಮದು. ಟಾಕೀಸನ್ನೂ ಮನೆಗಳನ್ನೂ ಈಗ ಒಡೆಯುತ್ತಿದ್ದಾರೆ. ಅವಳಿಗೆ ನಾನಲ್ಲದೆ ಯಾರಿದ್ದಾರೆ? ಈ ಮನೆಯ ಮುಂಗಡಕ್ಕೆ ಹೋದದ್ದೂ ಅವಳ ಕೈಬಳೆಗಳೇ. ಮೊದಲು ಒಳಗೆ ಸೇರಿಕೊಳ್ಳೋಣ, ಅವಳ ವಿಷಯ ಆಮೇಲೆ ನಿಧಾನಕ್ಕೆ ಹೇಳಿದರಾಯಿತು.

ಮಾರ್ಚ್ 10

ಸಾಮಾನು ಬಂತು. ಅಮ್ಮ ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣು ಹಾಯಿಸಿ, "ಮುಗೀತೇನೇ? ನಾನು ಇದು ಬರೀ ಟ್ರೇಲರ್ ಅಂದ್ಕೊಂಡೆ," ಅಂದಳು. ಸಾಮಾನು ಹೊರುತ್ತಿದ್ದವನು ಕೂಡ ನಕ್ಕುಬಿಟ್ಟ.

ಬೆಡ್‌ರೂಮು ನನಗೂ ಗುಬ್ಬಿಗೂ. ಅಮ್ಮ ಹಾಲಿನಲ್ಲಿ. ಅವಳ ತಗಡಿನ ಪೆಟ್ಟಿಗೆ ಸೋಫಾದ ಹಿಂದೆ ಸೇರಿತು. ಕೌಂಟರಿನ ಸ್ಟೂಲಿನ ಮೇಲೆ ಕೂತು ಕೂತು ಅವಳ ಬೆನ್ನು ಹಾಳಾಗಿದೆ. ಅಂಗಡಿಯಿಂದ ರಿಯಾಯಿತಿಯಲ್ಲಿ ಒಂದು ಒಳ್ಳೆಯ ಹಾಸಿಗೆ ತರುತ್ತೇನೆ ಅಂದಿದ್ದೇನೆ. ಮುಂದಿನ ತಿಂಗಳೇ ತರಬೇಕು. ಅವಳಿಗೆ ಬೇಸರವಾದದ್ದು ಒಂದಕ್ಕೇ. ನಮ್ಮ ಕಿಟಕಿಗಳೆಲ್ಲ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತವೆ, ಮರ ಕಾಣುವುದು ಎದುರುಮನೆಯವರಿಗೆ.

"ಅಷ್ಟು ವರ್ಷ ಒಂದು ತೂತಿನಲ್ಲಿ ಬರೀ ಜನರ ಕೈ ನೋಡಿದೆ. ಇನ್ನಾದ್ರೂ ಮರ ನೋಡ್ಬೋದು ಅಂತಿದ್ದೆ," ಅಂದಳು. ಕೈ ನೋಡಿಯೇ ಜನರನ್ನು ಅಳೆಯುವುದು ಅವಳ ಚಾಳಿ. ಗೇಟಿನಲ್ಲಿ ಇಸ್ತ್ರಿಪೆಟ್ಟಿಗೆಯನ್ನು ಕಂಡವಳು ನನ್ನ ಕಿವಿಯಲ್ಲಿ, "ಹುಷಾರು ಕಣೇ, ಬ್ಲ್ಯಾಕಲ್ಲಿ ಟಿಕೆಟ್ ಮಾರೋರ ಕೈ ಅದು," ಅಂದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಗೇಟಿನ ಪುಸ್ತಕದಲ್ಲಿ ಸದ್ಯಕ್ಕೆ 'ಅತಿಥಿ' ಎಂದು ಬರೆಸಿದ್ದೇನೆ.

ಮಾರ್ಚ್ 28

ಬೆಳಿಗ್ಗೆ ಲಿಫ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಸಿಕ್ಕರು.

"ನಿಮ್ಮ ಗೆಸ್ಟ್ ಇನ್ನೂ ಹೊರಟಿಲ್ಲ ಅಂತ ಕಾಣುತ್ತೆ. ನೆಂಟರಿಗೆಲ್ಲ ಹದಿನೈದು ದಿನ ಮಾತ್ರ ಮೇಡಂ. ಯಾರು ಅವರು?"

'ಅಮ್ಮ' ಅನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಅವರು... ಮಗು ನೋಡ್ಕೊಳ್ಳೋಕೆ."

ಅವರ ಮುಖ ಅರಳಿತು. "ಅಯ್ಯೋ, ಆಯಾನಾ! ಮೊದಲೇ ಹೇಳ್ಬಾರ್ದಾ? ಕೆಲಸದವರು ಲೆಕ್ಕಕ್ಕೆ ಬರಲ್ಲ. ಗೇಟಲ್ಲಿ ಒಂದು ಕಾರ್ಡ್ ಮಾಡಿಸ್ಬಿಡಿ, ಮುಗೀತು."

ಅಂಗಡಿಯಲ್ಲಿ ಇಡೀ ದಿನ ಗಿರಾಕಿಗಳು ಹಾಸಿಗೆಯ ಮೇಲೆ ಮಲಗಿದರು, ಎದ್ದರು. "ಬೆನ್ನಿಗೆ ಹೇಗನ್ಸುತ್ತೆ ಸರ್?" ಎಂದು ಕೇಳುತ್ತಲೇ ಇದ್ದೆ, ಉತ್ತರ ಒಂದೂ ಕಿವಿಗೆ ಬೀಳಲಿಲ್ಲ. ಸಂಜೆ ಅಮ್ಮನ ಮುಂದೆ ಕೂತು ಹೇಳಲು ಹೋದರೆ ಅಳು ಒತ್ತರಿಸಿಕೊಂಡು ಬಂತು. ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ. ಹೆತ್ತ ತಾಯಿಯನ್ನು ಯಾರಾದರೂ ಹಾಗೆ ಹೇಳುತ್ತಾರೆಯೇ?

ಅಮ್ಮ ನನ್ನ ತಲೆ ಸವರಿದಳು. "ಇದಕ್ಯಾಕೆ ಅಳ್ತೀಯೇ ಕತ್ತೆ? ಅಷ್ಟು ವರ್ಷ ಟಾಕೀಸಲ್ಲಿದ್ದೂ ಒಬ್ಬರೂ ನನಗೊಂದು ಪಾರ್ಟು ಕೊಡ್ಲಿಲ್ಲ. ನೀನು ಕೊಟ್ಟೆ. ಗುಬ್ಬಿಗೆ ಸೀಟು ಸಿಗೋವರೆಗೆ ತಾನೇ?"

"ಅಷ್ಟೇ ಅಮ್ಮಾ. ಸೀಟು ಸಿಕ್ಕಿದ ದಿನವೇ ನಾನೇ ಹೋಗಿ ಹೇಳ್ತೀನಿ. ನಿನ್ನಾಣೆ."

ಏಪ್ರಿಲ್ 4

ಕಾರ್ಡ್ ಆಯಿತು. ಫೋಟೊಗೆಂದು ಅಮ್ಮ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಹೊರಟರೆ ಗೇಟಿನ ಕಾವಲಿನವನು, "ನಗಬೇಡಮ್ಮ, ನಗಬೇಡ. ಕೆಲಸದವರ ಫೋಟೊದಲ್ಲಿ ಹಲ್ಲು ಕಾಣೋ ಹಾಗಿಲ್ಲ," ಅಂದನಂತೆ. ಫೋಟೊದ ಕೆಳಗೆ ಹೆಸರಿಲ್ಲ. 'ಆಯಾ' ಎಂದಿದೆ, ನಮ್ಮ ಮನೆಯ ನಂಬರ್ ಇದೆ. ಹಸಿರು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಳ್ಳಬೇಕು. ಮುಂದಿನ ಲಿಫ್ಟ್ ಹತ್ತುವಂತಿಲ್ಲ, ಕಸದ ಡಬ್ಬಿಗಳು ಹೋಗುವ ಹಿಂದಿನ ಲಿಫ್ಟಿನಲ್ಲಿ ಓಡಾಡಬೇಕು. ಪಾರ್ಕಿನಲ್ಲಿ ಮಗುವಿನ ಹಿಂದೆ ನಿಲ್ಲಬಹುದು, ಬೆಂಚಿನ ಮೇಲೆ ಕೂರುವಂತಿಲ್ಲ.

"ಬಾಲ್ಕನಿ ಟಿಕೆಟ್ ಇದ್ದೋಳನ್ನ ಗಾಂಧಿ ಕ್ಲಾಸಿಗೆ ಕಳಿಸ್ಬಿಟ್ರಲ್ಲೇ," ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 21

ಇವತ್ತು ಪಾರ್ಕಿನಲ್ಲಿ ನಾಲ್ಕು ಜನರ ಮುಂದೆ ಗುಬ್ಬಿ "ಅಜ್ಜೀ!" ಎಂದು ಕಿರುಚಿಕೊಂಡು ಓಡಿಹೋಗಿ ಅಮ್ಮನ ಕಾಲು ತಬ್ಬಿಕೊಂಡಳು. ಒಬ್ಬಾಕೆ ಹುಬ್ಬೇರಿಸಿ ನೋಡಿದಳು. "ವಯಸ್ಸಾದವರನ್ನ ಹಾಗೆ ಕರೀಬೇಕು ಅಂತ ಹೇಳಿಕೊಟ್ಟಿದ್ದೀನಿ," ಅಂದೆ. "ಎಷ್ಟು ಸಂಸ್ಕಾರ!" ಎಂದು ಮೆಚ್ಚಿಕೊಂಡಳು. ಒಂದು ಸಲ ನಡೆಯುತ್ತದೆ, ದಿನಾ ನಡೆಯುವುದಿಲ್ಲ.

ಮನೆಗೆ ಬಂದು ಗುಬ್ಬಿಗೆ ಒಂದು ಆಟ ಹೇಳಿಕೊಟ್ಟೆ. ಬಾಗಿಲ ಒಳಗೆ ಅಜ್ಜಿ, ಬಾಗಿಲ ಹೊರಗೆ ಆಯಾ. ತಪ್ಪದೆ ಹೇಳಿದರೆ ಚಾಕೊಲೇಟು. ಅಮ್ಮನೇ ಬಾಗಿಲ ಆಚೆ ಈಚೆ ಹಾರುತ್ತಾ ಅಭ್ಯಾಸ ಮಾಡಿಸಿದಳು. ಐದು ವರ್ಷದ ಕೂಸು, ಅರ್ಧ ಗಂಟೆಯಲ್ಲಿ ಕಲಿತುಬಿಟ್ಟಿತು. ಬುದ್ಧಿ ಚುರುಕಿದೆ, ಆ ಶಾಲೆಗೆ ತಕ್ಕ ಹುಡುಗಿ.

ಜೂನ್ 1

ಸೀಟು ಸಿಕ್ಕಿತು!! ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದೆ.

ಅಮ್ಮ ಕುತ್ತಿಗೆಯಿಂದ ದಾರ ತೆಗೆದು ಮೇಜಿನ ಮೇಲಿಟ್ಟಳು. "ಆಟ ಮುಗೀತಲ್ಲ, ನಾಳೆ ವಾಪಸ್ ಕೊಟ್ಬಿಡೋಣ್ವಾ?"

ಈಗ ಹೇಳಿದರೆ ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಮನೆ ಬಿಡಿಸುತ್ತಾರೆ. ಮನೆ ಹೋದರೆ ವಿಳಾಸ ಹೋಯಿತು, ವಿಳಾಸ ಹೋದರೆ ಸೀಟು ಹೋಯಿತು. ಇದನ್ನೆಲ್ಲ ಬಿಡಿಸಿ ಹೇಳಿದೆ. ಫೆಬ್ರವರಿಯಲ್ಲಿ ಬಾಡಿಗೆ ಕರಾರು ಮುಂದುವರಿಯಲಿ, ಆಮೇಲೆ ನೋಡೋಣ ಅಂದೆ. ಅವಳು ಅರ್ಥ ಮಾಡಿಕೊಂಡಳು. ದಾರವನ್ನು ಮತ್ತೆ ಹಾಕಿಕೊಳ್ಳುವಾಗ ಕೂದಲಿಗೆ ಸಿಕ್ಕಿಕೊಂಡಿತು, ನಾನೇ ಬಿಡಿಸಿ ಸರಿಮಾಡಿದೆ.

ಜುಲೈ 13

ಎದುರುಮನೆಯಾಕೆ ಮೊದಲ ಸಲ ನಮ್ಮ ಬಾಗಿಲು ತಟ್ಟಿದಳು. ಆಕೆಗೆ ಮೂರು ತಿಂಗಳ ಮಗು. ಆಕೆಯ ಗಂಡ ಸಂಘದ ಸಮಿತಿಯಲ್ಲಿದ್ದಾನೆ. ನಿನ್ನೆ ಅವರ ಮಗು ಅತ್ತು ಅತ್ತು ನೀಲಿಯಾಗಿದ್ದಾಗ ಅಮ್ಮ ಕಾರಿಡಾರಿನಲ್ಲೇ ಎತ್ತಿಕೊಂಡು ಹಳೆಯ ಸಿನಿಮಾ ಹಾಡು ಗುನುಗಿದಳಂತೆ, ಮಗು ತಣ್ಣಗೆ ಮಲಗಿಬಿಟ್ಟಿತಂತೆ.

"ನಿಮ್ಮ ಆಯಾನ ದಿನಾ ಒಂದೆರಡು ಗಂಟೆ ಕಳಿಸ್ತೀರಾ ಪ್ಲೀಸ್? ನಿಮ್ಮ ಮಗು ಸ್ಕೂಲಲ್ಲಿರುತ್ತಲ್ಲ. ನನಗೆ ಅವರ ಕೈ ತುಂಬಾ ಇಷ್ಟ ಆಯ್ತು. ಬಳೆ ಗಿಳೆ ಏನೂ ಇಲ್ಲ, ಮಗುಗೆ ಚುಚ್ಚೋ ಭಯ ಇಲ್ಲ."

ಇಲ್ಲ ಅನ್ನಲು ಏನು ಕಾರಣ ಕೊಡಲಿ? ಯಾರಾದರೂ ಆಯಾಳನ್ನು ಕೇಳಿದರೆ ಇಷ್ಟು ಯೋಚನೆ ಮಾಡುತ್ತಾರೆಯೇ? ಅದೇ ಅನುಮಾನಕ್ಕೆ ಸಾಕು. ಹೂಂ ಅಂದೆ. ಆಕೆ ನನ್ನನ್ನು ಕಾಫಿಗೆ ಕರೆದಳು. ಈ ಕಟ್ಟಡದಲ್ಲಿ ನನ್ನನ್ನು ಮನೆಯೊಳಗೆ ಕರೆದವಳು ಆಕೆಯೇ ಮೊದಲು. ಆ ಹಾಲಿನ ಕಿಟಕಿಯೇ ನಮ್ಮ ಇಡೀ ಹಾಲಿನಷ್ಟಿದೆ.

ಅಮ್ಮನಿಗೆ ಹೇಳಿದಾಗ ಪಾತ್ರೆ ಒರೆಸುತ್ತಿದ್ದಳು. "ಸಿನಿಮಾದ ಎರಡನೇ ಭಾಗ ಶುರುವಾಯ್ತು ಅನ್ನು," ಅಂದಳು. ಈ ಸಲ ನಗಲಿಲ್ಲ. ನನಗೂ ಸ್ವಲ್ಪ ಕಸಿವಿಸಿಯಾಯಿತು, ಆದರೆ ದಿನವಿಡೀ ಗೋಡೆ ನೋಡಿಕೊಂಡು ಕೂರುವ ಬದಲು ಅವಳಿಗೂ ಹೊತ್ತು ಹೋಗುತ್ತದೆ.

ಆಗಸ್ಟ್ 9

ಗುಬ್ಬಿಯ ಕ್ಲಾಸಿನ ಇಬ್ಬರು ಮಕ್ಕಳ ತಾಯಂದಿರು ಹೇಳದೆ ಕೇಳದೆ ಬಂದರು. ಹಾಲಿನಲ್ಲಿ ಅಮ್ಮನ ಹಾಸಿಗೆಯ ಸುರುಳಿ, ಪೆಟ್ಟಿಗೆ, ಬೆನ್ನಿಗೆ ಹಚ್ಚುವ ಮುಲಾಮಿನ ವಾಸನೆ. "ಆಯಾನ ಹಾಲಲ್ಲೇ ಮಲಗಿಸ್ತೀರಾ?" ಎಂದು ಒಬ್ಬಾಕೆ ಕೇಳಿದಳು. ಮೆಚ್ಚುಗೆಯಲ್ಲ, ಆಶ್ಚರ್ಯ. ನೆಲ ಬಾಯಿಬಿಡಬಾರದೇ ಅನಿಸಿತು.

ಸಂಜೆಯೇ ಹಾಸಿಗೆಯನ್ನೂ ಪೆಟ್ಟಿಗೆಯನ್ನೂ ವಾಷಿಂಗ್ ಮಷೀನಿನ ಪಕ್ಕಕ್ಕೆ ಸಾಗಿಸಿದೆವು. ಕಾಲು ಪೂರ್ತಿ ಚಾಚಲು ಆಗುವುದಿಲ್ಲ, ಆದರೆ ಅಮ್ಮ ಹೇಗೂ ಮುದುಡಿಕೊಂಡೇ ಮಲಗುವವಳು. ಅಂಗಡಿಯಿಂದ ಹಾಸಿಗೆ ತರುವ ಮಾತು ಎತ್ತಿದಳು. ಆ ಜಾಗಕ್ಕೆ ಹಿಡಿಸುವ ಅಳತೆ ನಮ್ಮಲ್ಲಿ ಇಲ್ಲವೇ ಇಲ್ಲ, ನಾನೇನು ಮಾಡಲಿ? ಸ್ವಲ್ಪ ರೇಗಿದೆ. ರೇಗಬಾರದಿತ್ತು.

ಸೆಪ್ಟೆಂಬರ್ 20

ಗುಬ್ಬಿಯ ಹುಟ್ಟುಹಬ್ಬ. ಕ್ಲಾಸಿನ ಮಕ್ಕಳು, ತಾಯಂದಿರು, ಎದುರುಮನೆಯಾಕೆ. ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಕೇಕು ಚೆನ್ನಾಗಿತ್ತು, ಪರದೆಗಳು ಚೆನ್ನಾಗಿ ಕಂಡವು. ಗುಬ್ಬಿಯ ಗಲ್ಲದ ಗುಳಿ ಯಾರದ್ದು ಎಂದು ಒಬ್ಬಾಕೆ ಕೇಳಿದಳು. ಅವಳ ಅಪ್ಪನ ಕಡೆಯದು ಅಂದೆ. ಅಮ್ಮ ಆಗ ಜ್ಯೂಸಿನ ಟ್ರೇ ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಅದೇ ಗುಳಿ ಹೊತ್ತುಕೊಂಡು. ಯಾರೂ ಅವಳ ಮುಖ ನೋಡುವುದಿಲ್ಲ, ಅದೊಂದು ಪುಣ್ಯ.

ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಒಬ್ಬಾಕೆಯ ಕಿವಿಯೋಲೆ ಕಾಣೆಯಾಯಿತು. ವಜ್ರದ್ದು. ಎಲ್ಲರೂ ಸೋಫಾ ಎತ್ತಿದರು, ಕಾರ್ಪೆಟ್ ಒದರಿದರು. ಆಮೇಲೆ ಎಲ್ಲರ ಕಣ್ಣೂ ಒಂದೊಂದು ಸಲ ಅಡುಗೆಮನೆಯ ಕಡೆ ಹೋಗಿ ಬಂದವು. ಅವರು ಕೇಳಿದ ಮೇಲೆ ತೋರಿಸುವುದಕ್ಕಿಂತ ಕೇಳುವ ಮೊದಲೇ ತೋರಿಸುವುದು ಮೇಲು ಅನಿಸಿತು.

"ಆಯಾ, ನಿನ್ನ ಪೆಟ್ಟಿಗೆ ತಗೊಂಡು ಬಾ," ಅಂದೆ.

ಅಮ್ಮ ನನ್ನನ್ನು ನೋಡಿದಳು. ಪೆಟ್ಟಿಗೆ ತಂದು ಹಾಲಿನ ಮಧ್ಯೆ ಇಟ್ಟಳು. ನಾನೇ ಮಂಡಿಯೂರಿ ಕೂತು ಒಂದೊಂದಾಗಿ ತೆಗೆದೆ. ಎರಡು ಜೊತೆ ಬಟ್ಟೆ, ಕನ್ನಡಕದ ಡಬ್ಬಿ, ಮುಲಾಮು, ಟಾಕೀಸಿನ ಕತ್ತಲಲ್ಲಿ ಸೀಟು ತೋರಿಸುವ ಹಳೆಯ ಟಾರ್ಚು, ರಬ್ಬರ್ ಬ್ಯಾಂಡ್ ಹಾಕಿದ ಎರಡು ಟಿಕೆಟ್ ಚೂರು. ನನ್ನನ್ನು ಮೊದಲ ಸಲ ಸಿನಿಮಾಕ್ಕೆ ಕರೆದುಕೊಂಡು ಹೋದಾಗಿನವು, ನೋಡಿದ ಕೂಡಲೇ ಗೊತ್ತಾಯಿತು. "ಪಾಪ, ಸಿನಿಮಾ ಹುಚ್ಚು," ಎಂದು ಯಾರೋ ನಕ್ಕರು. ನಾನೂ ನಕ್ಕೆ.

ಓಲೆ ಆಕೆಯ ಸ್ಕಾರ್ಫಿಗೇ ಸಿಕ್ಕಿಕೊಂಡಿತ್ತು. ಹೋಗುವಾಗ ಆಕೆ ಉಳಿದ ಕೇಕನ್ನು ಪೇಪರ್ ನ್ಯಾಪ್ಕಿನ್‌ನಲ್ಲಿ ಸುತ್ತಿ ಅಮ್ಮನ ಕೈಗಿಟ್ಟಳು. "ಥ್ಯಾಂಕ್ಸ್ ಮೇಡಂ," ಅಂದಳು ಅಮ್ಮ. ಒಂದೇ ಒಂದು ತಪ್ಪಿಲ್ಲದೆ ನಿಭಾಯಿಸಿದಳು. ಪಾರ್ಟಿ ಗೆದ್ದಿತು ಎಂದೇ ಹೇಳಬೇಕು.

ಸೆಪ್ಟೆಂಬರ್ 21

ಬೆಳಿಗ್ಗೆ ಚಹಾ ಕೊಡುತ್ತಾ ಕೇಳಿದಳು.

"ಪೆಟ್ಟಿಗೆ ತೆಗಿ ಅಂತ ಅವರು ಕೇಳಿದ್ರಾ?"

"ಕೇಳೋ ಮೊದಲೇ ತೋರಿಸಿದ್ರೆ ಮರ್ಯಾದೆ ಅಲ್ವಾ ಅಮ್ಮಾ?"

"ಯಾರ ಮರ್ಯಾದೆ?"

ಅಂಗಡಿಗೆ ಹೊತ್ತಾಗಿತ್ತು. ಇಂಥ ಪ್ರಶ್ನೆಗೆಲ್ಲ ಬೆಳಿಗ್ಗೆ ಹೊತ್ತು ಎಲ್ಲಿದೆ? ಓಲೆ ಸಿಕ್ಕಿತಲ್ಲ, ಅವಳ ಮೇಲಿನ ಅನುಮಾನವೇ ಹೋಯಿತಲ್ಲ. ಅದನ್ನು ಯಾಕೆ ಹಿಡಿದುಕೊಂಡು ಕೂರಬೇಕು?

ಅಕ್ಟೋಬರ್ 18

ಈಗೀಗ ಮಾತು ಕಡಿಮೆ. ಬೆಳಿಗ್ಗೆ ಗುಬ್ಬಿಯನ್ನು ಶಾಲೆಗೆ ಬಿಟ್ಟು ಎದುರುಮನೆಗೆ ಹೋದರೆ ಸಂಜೆಯೇ ಬರುವುದು. ಬಂದಮೇಲೆ ಕೆಲಸವೇನೋ ಅಚ್ಚುಕಟ್ಟು, ಆದರೆ ಮುಖ ಊದಿಸಿಕೊಂಡಿರುತ್ತಾಳೆ. ಮನೆಯಲ್ಲಿ ಒಂದು ಜೋಕಿಲ್ಲ. ಎದುರುಮನೆಯಲ್ಲಿ ನಗುವುದು ಮಾತ್ರ ನನಗೆ ಇಲ್ಲಿಗೆ ಕೇಳುತ್ತದೆ.

ಇವತ್ತು ಎದುರುಮನೆಯಾಕೆ ಕಾಫಿಗೆ ಕರೆದು, ಕಪ್ಪಿನ ಅಂಚು ಉಜ್ಜುತ್ತಾ ಹೇಳಿದಳು. "ಹೇಗೆ ಕೇಳೋದು ಅಂತ ಗೊತ್ತಾಗ್ತಿಲ್ಲ. ಒಬ್ಬರ ಮನೆಯವರನ್ನ ಎಳ್ಕೊಳ್ಳೋದು ಸರಿಯಲ್ಲ. ಆದ್ರೆ ನಿಮ್ಮ ಆಯಾ ಪೂರ್ತಿಯಾಗಿ ನಮ್ಮಲ್ಲೇ ಇದ್ರೆ... ಒಂದು ಪುಟ್ಟ ರೂಮಿದೆ, ಮರದ ಕಡೆ ಕಿಟಕಿ ಇದೆ. ಅವರಿಗೂ ವಯಸ್ಸಾಯ್ತು. ಮಕ್ಕಳು ಮರಿ ಯಾರೂ ಇಲ್ವಾ ಅಂತ ಕೇಳ್ದೆ. ಒಬ್ಬಳು ಮಗಳು, ಹೋಗಿಬಿಟ್ಟಳು ಅಂದ್ರು. ಪಾಪ, ನಾನು ಮತ್ತೆ ಕೆದಕಲಿಲ್ಲ."

ಹೋಗಿಬಿಟ್ಟಳಂತೆ! ನಾನು ಗುಂಡುಕಲ್ಲಿನಂತೆ ಎದುರಿಗೆ ಕೂತಿದ್ದೇನೆ. ಮೈಯೆಲ್ಲ ಉರಿಯಿತು. ಇಂಥ ನಾಟಕ ಮಾಡಿ ಅನುಕಂಪ ಗಿಟ್ಟಿಸುವ ಅಗತ್ಯವೇನಿತ್ತು? ಸಿನಿಮಾ ನೋಡಿ ನೋಡಿ ಬಂದ ಬುದ್ಧಿ. ಬಚ್ಚಲಿನಲ್ಲಿ ನಲ್ಲಿ ಬಿಡುವ ಹಾಗಾಗಿತ್ತು, ಆದರೆ ಅಂಥದ್ದಕ್ಕೆಲ್ಲ ಈಗ ಪುರಸೊತ್ತಿಲ್ಲ. ಯೋಚಿಸಿ ಹೇಳುತ್ತೇನೆ ಅಂದೆ.

ಯೋಚಿಸಿದರೆ ತಪ್ಪೇನೂ ಕಾಣುವುದಿಲ್ಲ. ಸಮಿತಿಯವರ ಮನೆ, ಫೆಬ್ರವರಿ ಹತ್ತಿರ ಬರುತ್ತಿದೆ. ಗುಟ್ಟು ರಟ್ಟಾಗುವ ಭಯವೂ ತಪ್ಪುತ್ತದೆ. ದೂರವೇನು ದೂರ, ಎದುರು ಬಾಗಿಲು.

ಅಕ್ಟೋಬರ್ 19

ನಾನು ಹೇಳುವ ಮೊದಲೇ ಅವಳೇ ಬಂದು ನಿಂತಳು. ಕೈಕಟ್ಟಿ, ಕಾರ್ಡ್ ಹಾಕಿಕೊಂಡು, ಮನೆಯೊಳಗೆ.

"ಕೆಲಸ ಬಿಡೋರು ಒಂದು ತಿಂಗಳು ಮುಂಚೆ ಹೇಳ್ಬೇಕಂತೆ. ಹೇಳ್ತಿದ್ದೀನಿ ಮೇಡಂ."

ನಾನು ನಕ್ಕೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು, ನಾನೇನಾದರೂ ಹೇಳುತ್ತೇನೆಂದು ಕಾಯುವವಳ ಹಾಗೆ. ಗುಬ್ಬಿಯನ್ನು ಶಾಲೆಗೆ ಬಿಡುವ ಕೆಲಸ ಮಾತ್ರ ಇಟ್ಟುಕೊಂಡರೆ ನನಗೆ ಅನುಕೂಲ ಎಂದೆ. "ಅವರನ್ನ ಕೇಳಿ ಹೇಳ್ತೀನಿ," ಅಂದಳು.

ನವೆಂಬರ್ 6

ಎದುರುಮನೆಯಾಕೆ ಅಂಗಡಿಗೇ ಬಂದಳು! ಮ್ಯಾನೇಜರ್ ಎದುರಿಗೆ ನನ್ನನ್ನು "ನಮ್ಮ ನೆರೆಮನೆಯವರು" ಅಂದಾಗ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆಯಾಳ ರೂಮಿಗೆ ಹಾಸಿಗೆ ಬೇಕಂತೆ.

"ಅವರ ಬೆನ್ನು ನಿಮಗೇ ಚೆನ್ನಾಗಿ ಗೊತ್ತಿರುತ್ತಲ್ಲ. ಯಾವುದು ಸರಿಹೋಗುತ್ತೆ?"

ಸ್ಟೋರಿನ ಪಕ್ಕದಲ್ಲಿಟ್ಟಿರುವ ತೆಳುವಾದ ಫೋಮಿನದ್ದು ತೋರಿಸಿದೆ. "ಇದೇ ಧಾರಾಳ. ಆ ಜನಕ್ಕೆ ಮೆತ್ತಗಿದ್ರೆ ನಿದ್ದೆನೇ ಬರಲ್ಲ. ನಮ್ಮನೇಲಿ ನೆಲದ ಮೇಲೇ ಆರಾಮಾಗಿ ಮಲಗ್ತಾಳೆ."

ಆಕೆ ಅದರ ಮೇಲೆ ಅಂಗೈ ಒತ್ತಿ ನೋಡಿದಳು. ಒತ್ತಿದ ಕಡೆ ಕೆಳಗಿನ ಹಲಗೆ ಸಿಕ್ಕಿತು. "ಇದು ಬೇಡ. ರಾತ್ರಿಯೆಲ್ಲ ನರಳ್ತಾರಂತಲ್ಲ," ಎಂದು ಬೆನ್ನುನೋವಿನವರಿಗೆಂದು ನಾವು ಕಿಟಕಿಯಲ್ಲಿ ಇಟ್ಟಿರುವ ಒಳ್ಳೆಯದನ್ನೇ ಆರಿಸಿದಳು. ಕೆಲಸದವಳಿಗೆ ಅಂಥದ್ದು ಹಾಕುವವರನ್ನು ನಾನು ಇದೇ ಮೊದಲು ಕಂಡದ್ದು. ಈ ತಿಂಗಳು ಮಾರಿದ ಹಾಸಿಗೆಗಳಲ್ಲಿ ಅದೇ ದುಬಾರಿಯದು, ಮ್ಯಾನೇಜರ್ ಬೆನ್ನು ತಟ್ಟಿದರು.

ನವೆಂಬರ್ 20

ಆಯಾ ಹೋದಳು. ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡಳು. ಗೇಟಿನ ಕಾರ್ಡಿನಲ್ಲಿ ನಮ್ಮ ಮನೆಯ ನಂಬರ್ ಹೊಡೆದು ಅವರದ್ದು ಹಾಕಿಸಬೇಕಿತ್ತು, ಇಸ್ತ್ರಿಪೆಟ್ಟಿಗೆ ನನ್ನನ್ನು ಕರೆದು, "ನಿಮ್ಮ ಒಪ್ಪಿಗೆ ಇದೆ ತಾನೇ?" ಎಂದು ಕೇಳಿ ಸಹಿ ಹಾಕಿಸಿಕೊಂಡರು. ಬಹಳ ಶಿಸ್ತಿನ ಮನುಷ್ಯ.

ವಾಷಿಂಗ್ ಮಷೀನಿನ ಪಕ್ಕ ಈಗ ಶೂ ಸ್ಟ್ಯಾಂಡ್ ಇಟ್ಟಿದ್ದೇನೆ. ಸರಿಯಾಗಿ ಹಿಡಿಸಿತು. ಗುಬ್ಬಿ ಒಂದಿಷ್ಟು ಹೊತ್ತು ಅತ್ತಳು, ಚಾಕೊಲೇಟು ಕೊಟ್ಟೆ.

ಜನವರಿ 12

ಇವತ್ತು ತಮಾಷೆಯಾಯಿತು. ನಾವು ಕೆಳಗೆ ಹೋಗಲು ಮುಂದಿನ ಲಿಫ್ಟ್ ಹತ್ತಿದಾಗ ಎದುರುಮನೆಯಾಕೆಯೂ ಮಗುವಿನ ಗಾಡಿಯೊಂದಿಗೆ ಹತ್ತಿದಳು, ಜೊತೆಗೆ ಆಯಾ. ಕುತ್ತಿಗೆಯಲ್ಲಿ ಕಾರ್ಡಿಲ್ಲ. ಒಳ್ಳೆಯ ಸ್ವೆಟರ್ ಹಾಕಿದ್ದಳು, ಬೆನ್ನು ಸ್ವಲ್ಪ ನೆಟ್ಟಗಾಗಿದೆ.

ಗುಬ್ಬಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಆಯಾ, ನೀನು ಹಿಂದಿನ ಲಿಫ್ಟಲ್ಲಿ ಬರ್ಬೇಕು. ಇದು ನಮ್ಮದು," ಅಂದಳು.

ಆಯಾ ಬಗ್ಗಿ ಗುಬ್ಬಿಯ ಕೋಟಿನ ಗುಂಡಿ ಹಾಕಿದಳು. "ಹೌದು ಪುಟ್ಟಾ. ನೀನು ಹೇಳಿದ್ದೇ ಸರಿ," ಅಂದಳು. ಒಂದು ಗುಂಡಿ ತಪ್ಪು ತೂತಿಗೆ ಹೋಯಿತು. ಎದುರುಮನೆಯಾಕೆ ಇಡೀ ದಾರಿ ನನ್ನ ಜೊತೆ ಮಾತಾಡಲಿಲ್ಲ. ಮಗುವಿನ ಮಾತಿಗೆ ಅಷ್ಟು ಮುನಿಸಿಕೊಳ್ಳುವುದೇ? ಆ ಶಾಲೆಯಲ್ಲಿ ಮಕ್ಕಳು ನಿಯಮಗಳನ್ನು ಎಷ್ಟು ಬೇಗ ಕಲಿಯುತ್ತಾರೆ ಎಂದು ನನಗಂತೂ ಹೆಮ್ಮೆಯೇ ಆಯಿತು.

ಫೆಬ್ರವರಿ 20

ಕರಾರು ಮುಂದುವರಿಯಿತು! ಇಸ್ತ್ರಿಪೆಟ್ಟಿಗೆ ಕೈಕುಲುಕಿ, "ನಿಮ್ಮಂಥ ಬಾಡಿಗೆದಾರರು ಸಿಗೋದು ಕಷ್ಟ ಮೇಡಂ. ಇಬ್ಬರು ಅಂದ್ರಿ, ಇಬ್ಬರೇ ಇದ್ದೀರಿ," ಅಂದರು.

ಫೆಬ್ರವರಿಯಲ್ಲಿ ಏನೋ ಮಾಡಬೇಕು ಅಂತ ಅಂದುಕೊಂಡಿದ್ದೆ, ಏನೆಂದು ನೆನಪಾಗುತ್ತಿಲ್ಲ. ಪರದೆ ಬದಲಾಯಿಸುವುದಿರಬೇಕು.

ಫೆಬ್ರವರಿ 26

ಎರಡು ದಿನದಿಂದ ಜ್ವರ. ಮೈ ಕೆಂಡ. ಗುಬ್ಬಿಗೆ ಶಾಲೆಯಿಲ್ಲ, ಮನೆಯೆಲ್ಲ ರಂಪ. ಬ್ರೆಡ್ಡು ಬಿಟ್ಟರೆ ತಿನ್ನಲು ಏನೂ ಇಲ್ಲ. ಮಧ್ಯಾಹ್ನ ಗೋಡೆ ಹಿಡಿದುಕೊಂಡು ಹೋಗಿ ಎದುರುಮನೆಯ ಬಾಗಿಲು ತಟ್ಟಿದೆ.

ಆಯಾಳೇ ತೆಗೆದಳು, ಹೆಗಲ ಮೇಲೆ ಮಗು. ಹಿಂದೆ ಆ ದೊಡ್ಡ ಕಿಟಕಿ, ಕಿಟಕಿಯ ತುಂಬಾ ಮರ. ಸರಪಳಿ ಹಾಕಿದ್ದ ಬಾಗಿಲು ಒಂದು ಗೇಣು ತೆರೆದಿತ್ತು. ನನ್ನ ಕೈ ಆ ಸಂದಿಯಲ್ಲಿ ಬಾಗಿಲು ಹಿಡಿದುಕೊಂಡಿತ್ತು. ಅವಳು ಮುಖ ನೋಡಲಿಲ್ಲ, ಕೈಯನ್ನೇ ನೋಡುತ್ತಿದ್ದಳು.

"ಜ್ವರ ಬಂದಿದೆ. ಒಂದೆರಡು ಗಂಟೆ ಬರ್ತೀಯಾ?"

"ಮಗು ಮಲಗೋ ಹೊತ್ತು ಮೇಡಂ. ಈಗ ಆಗಲ್ಲ."

"ಅಮ್ಮಾ," ಅಂದೆ. ಜ್ವರದಲ್ಲಿ ಬಾಯಿ ತಪ್ಪಿ ಬಂತು.

ಅವಳು ಆಚೀಚೆ ಕಾರಿಡಾರ್ ನೋಡಿದಳು. "ಮೆಲ್ಲಗೆ ಮೇಡಂ. ಯಾರಾದ್ರೂ ಕೇಳಿಸ್ಕೊಂಡ್ರೆ ನಿಮ್ಮ ಮನೆ ಹೋಗುತ್ತೆ."

ನನ್ನ ಬೆರಳುಗಳನ್ನು ಒಂದೊಂದಾಗಿ ಬಾಗಿಲಿನಿಂದ ಬಿಡಿಸಿದಳು. ನೋವಾಗದ ಹಾಗೆ, ಸಣ್ಣ ಮಕ್ಕಳ ಮುಷ್ಟಿ ಬಿಡಿಸುವ ಹಾಗೆ. ಆಮೇಲೆ ಬಾಗಿಲು ಹಾಕಿಕೊಂಡಳು. ಒಳಗೆ ಅವಳು ಮಗುವಿಗೆ ಆ ಹಳೆಯ ಹಾಡು ಗುನುಗುವುದು ಕೇಳುತ್ತಿತ್ತು. ನನಗೂ ಚಿಕ್ಕಂದಿನಲ್ಲಿ ಅದನ್ನೇ ಹಾಡುತ್ತಿದ್ದಳು. ಜ್ವರಕ್ಕೋ ಏನೋ, ಕಣ್ಣಲ್ಲಿ ಒಂದೇ ಸಮನೆ ನೀರು ಸುರಿಯಿತು, ಗುಬ್ಬಿ ಬಂದು ಎಳೆಯುವವರೆಗೆ ಅಲ್ಲೇ ನಿಂತಿದ್ದೆ.

ಎಷ್ಟು ಮಾಡಿದರೂ ಈ ಜನಕ್ಕೆ ಕೃತಜ್ಞತೆ ಇರುವುದಿಲ್ಲ. ಕಾಯಿಲೆ ಬಿದ್ದಾಗ ಮನೆಯಲ್ಲಿ ನಮ್ಮವರು ಅಂತ ಒಬ್ಬರು ಬೇಕು. ನಾಳೆ ಗೇಟಿನಲ್ಲಿ ಹೇಳಿಡಬೇಕು, ಒಬ್ಬ ಹೊಸ ಆಯಾ ನೋಡಿ ಅಂತ. ಸ್ವಲ್ಪ ವಯಸ್ಸಾದವಳೇ ಇರಲಿ. ಪಾಪ, ಗುಬ್ಬಿಗೂ ಒಬ್ಬಳು ಅಜ್ಜಿ ಇದ್ದ ಹಾಗಾಗುತ್ತದೆ.